ಹುಣಸೆದೊಡ್ಡಿಯ ನಿಂಬೆಹಣ್ಣುಗಳು

ಹುಣಸೆದೊಡ್ಡಿ ಸರ್ಕಾರಿ ಶಾಲೆಯ ಶಿವರುದ್ರಸ್ವಾಮಿ ಮೇಷ್ಟ್ರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು. ಬರುತ್ತಿತ್ತು. ಕರೆದಾಗ ಮಾತ್ರ ಬರುತ್ತಿರಲಿಲ್ಲ. ಬಚ್ಚಲಮನೆಯಲ್ಲಿ ಬರುತ್ತಿತ್ತು. ಕೊಳ್ಳೇಗಾಲದಿಂದ ಸ್ಕೂಟರಿನಲ್ಲಿ ಹೊರಟು ಕಾಮಗೆರೆ ದಾಟಿದ ಮೇಲೆ ರಸ್ತೆಯಲ್ಲಿ ಯಾರೂ ಇಲ್ಲದಿದ್ದರೆ ಧಾರಾಳವಾಗಿ ಬರುತ್ತಿತ್ತು. ನಾಲ್ಕು ಜನರ ಮುಂದೆ ಬಾಯಿ ತೆರೆದರೋ, ಗಂಟಲವರೆಗೆ ಬಂದು ಅಲ್ಲೇ ಚಕ್ಕಂಬಕ್ಕಳ ಹಾಕಿಕೊಂಡು ಕೂತುಬಿಡುತ್ತಿತ್ತು. ಹಾಗಾಗಿ ಇಷ್ಟು ವರ್ಷ ಇಂಗ್ಲಿಷ್ ಪಾಠವನ್ನೂ ಅವರು ಅಚ್ಚ ಕನ್ನಡದಲ್ಲೇ ಮಾಡಿಕೊಂಡು ಬಂದಿದ್ದರು. ಯಾರಿಗೂ ತೊಂದರೆಯಾಗಿರಲಿಲ್ಲ.

ತೊಂದರೆ ಬಂದದ್ದು ಹಳದಿ ವ್ಯಾನಿನಲ್ಲಿ. ಕೊಳ್ಳೇಗಾಲದ ಯಾವುದೋ ಕಾನ್ವೆಂಟಿನವರು ಊರೊಳಗೆ ವ್ಯಾನು ಬಿಟ್ಟರು. ಅದು ಬಂದು ಹಾರ್ನ್ ಹೊಡೆದಾಗಲೆಲ್ಲ ಊರಿನ ತಾಯಂದಿರು ಬಾಗಿಲಿಗೆ ಬಂದು ಒಂದು ಸಲ ವ್ಯಾನು ನೋಡುತ್ತಿದ್ದರು, ಒಂದು ಸಲ ತಮ್ಮ ಮಕ್ಕಳ ಮೂಗು ನೋಡುತ್ತಿದ್ದರು. ಕೊನೆಗೆ ಪುಟ್ಟಮಲ್ಲಪ್ಪನವರೇ ಶಾಲೆಗೆ ಬಂದರು. ಪುಟ್ಟಮಲ್ಲಪ್ಪ ಎಂದರೆ ಊರಿಗೆ ಹಿರಿಯರು, ಶಾಲೆಯ ಸಮಿತಿಗೆ ಅಧ್ಯಕ್ಷರು, ಮೂರನೇ ಕ್ಲಾಸಿನ ಮಧುಶ್ರೀಗೆ ತಾತ.

"ನೋಡಿ ಸಾ, ಬೇಜಾರ್ ಮಾಡ್ಕಬ್ಯಾಡಿ," ಎಂದರು. "ದಸರಾ ರಜಕ್ ಮುಂಚೆ ನಮ್ ಕೂಸು ನಾಕು ಜನದ ಮುಂದೆ ಇಂಗ್ಲಿಸ್ನಲ್ಲಿ ಬಾಯ್ಬುಡ್ಬೇಕು. ಬುಟ್ರೆ ಸರಿ. ಬುಡ್ಲಿಲ್ಲ ಅಂದ್ರೆ ರಜ ಮುಗುಸ್ಕಂಡು ವ್ಯಾನ್ ಅತ್ತುಸ್ಬುಡ್ತೀನಿ. ಆಮೇಲೆ ನನ್ನ ಅನ್ಬ್ಯಾಡಿ."

ಪುಟ್ಟಮಲ್ಲಪ್ಪ ಇವತ್ತು ಹೊಲಕ್ಕೆ ಅರಿಶಿನ ಹಾಕಿದರೆ ನಾಳೆ ಊರೆಲ್ಲ ಅರಿಶಿನ ಹಾಕುತ್ತದೆ. ಮಧುಶ್ರೀ ವ್ಯಾನು ಹತ್ತಿದರೆ ಊರಿನ ಮಕ್ಕಳೆಲ್ಲ ಹತ್ತುತ್ತಾರೆ. ಆಮೇಲೆ ಶಾಲೆಯಲ್ಲಿ ಉಳಿಯುವುದು ಮೇಷ್ಟ್ರು ಮತ್ತು ಬಿಸಿಯೂಟದ ಬಸವಮ್ಮ ಇಬ್ಬರೇ. ಇಲಾಖೆಯವರು ಬೀಗ ಹಾಕಿ, ಮೇಷ್ಟ್ರನ್ನು ತಮಿಳುನಾಡಿನ ಅಂಚಿನ ಪಾಲಾರ್ ಗಡಿಗೋ ಅದಕ್ಕಿಂತ ಆಚೆಗೋ ಕಳಿಸುತ್ತಾರೆ. ಇದನ್ನೆಲ್ಲ ಯೋಚಿಸಿ ಮೇಷ್ಟ್ರಿಗೆ ಊಟ ರುಚಿಸಲಿಲ್ಲ. ಎಷ್ಟೋ ವರ್ಷ ಸಾಕಿದ ಶಾಲೆ, ಕರುಳು ಚುರುಕ್ ಅನ್ನದೆ ಇರುತ್ತದೆಯೇ?

ಅದೇ ಹೊತ್ತಿಗೆ ಕೊಳ್ಳೇಗಾಲದಲ್ಲಿ ಇಂಗ್ಲಿಷ್ ತರಬೇತಿ ನಡೆಯಿತು. ಯಳಂದೂರು ಕಡೆಯ ಮಾಲಿನಿ ಎಂಬ ಹುಡುಗಿ ಮೇಡಂ, ಸ್ಥಳ ತೋರಿಸುವ ಪುಟ್ಟಪುಟ್ಟ ಮಾತುಗಳನ್ನು ಕಲಿಸಲು ಒಂದು ಆಟ ಹೇಳಿಕೊಟ್ಟಳು. ಒಬ್ಬರು ಚೆಂಡನ್ನು ಎಲ್ಲೋ ಬಚ್ಚಿಟ್ಟು 'ವೇರ್ ಈಸ್ ದ ಬಾಲ್?' ಎಂದು ಸವಾಲು ಹಾಕಬೇಕು. ಉಳಿದವರು 'ಈಸ್ ಇಟ್ ಅಂಡರ್ ದ ಟೇಬಲ್? ಈಸ್ ಇಟ್ ಬಿಹೈಂಡ್ ದ ಡೋರ್?' ಎಂದು ಕೇಳುತ್ತ ಹೋಗಬೇಕು. ಬಚ್ಚಿಟ್ಟವರು ಎಸ್, ನೋ ಎಂದಷ್ಟೇ ಹೇಳಬೇಕು. ಈ ಅಂಡರ್ರು, ಬಿಹೈಂಡುಗಳ ಮೇಲೆ ಮೇಷ್ಟ್ರಿಗೆ ಹಳೆಯ ಸಿಟ್ಟಿತ್ತು. ನಮ್ಮಲ್ಲಿ 'ಪೆಟ್ಟಿಗೆಯ ಒಳಗೆ' ಅಂದರೆ ಪೆಟ್ಟಿಗೆ ಮೊದಲು, ಒಳಗೆ ಹೋಗುವುದು ಆಮೇಲೆ. ಇಂಗ್ಲಿಷಿನವರು ಮೊದಲು ಒಳಗೆ ಹೋಗಿ ನಿಂತು ಆಮೇಲೆ ಪೆಟ್ಟಿಗೆ ಎಲ್ಲಿ ಅಂತ ಹುಡುಕುತ್ತಾರೆ, ಇದು ಯಾವ ಸೀಮೆ ಪದ್ಧತಿ ಎಂದು ಅವರ ವಾದ. ಆದರೆ ಮಾಲಿನಿ ಮೇಡಂ ಆಟ ಆಡಿಸುವಾಗ ಎಲ್ಲರಿಗಿಂತ ಮೊದಲು ಬೆಂಚಿನ ಕೆಳಗೆ ನುಗ್ಗಿದವರು ಅವರೇ. ಪ್ಯಾಂಟಿನ ಮಂಡಿ ಹರಿದದ್ದೂ ಅವರದೇ.

ಶಾಲೆಗೆ ಬಂದು ನೋಡಿದರೆ ಚೆಂಡಿಲ್ಲ. ಇದ್ದ ಒಂದನ್ನು ಪುಟ್ಟಮಲ್ಲಪ್ಪನವರ ಎಮ್ಮೆ ತುಳಿದಿತ್ತು. ಮೇಷ್ಟ್ರು ಸುತ್ತ ನೋಡಿದರು. ಬಸವಮ್ಮ ಉಪ್ಪಿನಕಾಯಿಗೆಂದು ತಂದಿಟ್ಟ ನಿಂಬೆಹಣ್ಣಿನ ಬುಟ್ಟಿ ಕಂಡಿತು. ಗುಂಡಗಿದೆ, ಅಂಗೈಯಲ್ಲಿ ಮುಚ್ಚಿಹೋಗುತ್ತದೆ, ಪುಟಿಯದೆ ಇದ್ದರೇನಂತೆ?

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕೊಳ್ಳೇಗಾಲ ಸೀಮೆಯಲ್ಲಿ ನಿಂಬೆಹಣ್ಣಿನ ಯೋಗ್ಯತೆ ಅದು ಎಲ್ಲಿದೆ ಎನ್ನುವುದರ ಮೇಲೆ ನಿಂತಿದೆ. ಎಲೆಯ ಮೇಲಿದ್ದರೆ ಊಟ. ಲಾರಿಯ ಮುಂದೆ ನೇತಾಡಿದರೆ ರಕ್ಷೆ. ಅದೇ ಹಣ್ಣು ಯಾರಿಟ್ಟರೆಂದು ಗೊತ್ತಿಲ್ಲದೆ ಬಾಗಿಲ ಸಂದಿಯಲ್ಲಿ ಕೂತಿದ್ದರೆ ಮಾಟ, ಮನೆಯವರ ಕೈಕಾಲು ತಣ್ಣಗಾಗುತ್ತದೆ. ಇದು ತೊಟ್ಟಿಲ ಕೂಸಿಗೂ ಗೊತ್ತು. ಮೇಷ್ಟ್ರಿಗೂ ಗೊತ್ತಿತ್ತು. ಆದರೆ ಆ ವಾರ ಅವರ ತಲೆಯಲ್ಲಿ ಇಂಗ್ಲಿಷ್ ತುಂಬಿಕೊಂಡು ಬೇರೆ ಯಾವುದಕ್ಕೂ ಜಾಗವೇ ಇರಲಿಲ್ಲ.

ಆಟವೋ, ಅದ್ಭುತ! ಮಕ್ಕಳು ಊಟದ ಗಂಟೆ ಬಾರಿಸಿದರೂ ಏಳಲೊಲ್ಲರು. ಮಧುಶ್ರೀಯಂತೂ ಕೇಳಿದ್ದೇ ಕೇಳಿದ್ದು. ಉಬ್ಬಿಹೋದ ಮೇಷ್ಟ್ರು ಶನಿವಾರ ಒಬ್ಬೊಬ್ಬರ ಕೈಗೂ ಒಂದೊಂದು ನಿಂಬೆಹಣ್ಣು ಕೊಟ್ಟು ಮನೆಗೆಲಸ ಹೇಳಿದರು. "ಮನೇಲಿ ಬಚ್ಚಿಡಿ. ಮನೆಯವರು ಇಂಗ್ಲಿಷಲ್ಲಿ ಕೇಳಿದರೆ ಮಾತ್ರ ಉತ್ತರ ಕೊಡಬೇಕು. ಕನ್ನಡದಲ್ಲಿ ಕೇಳಿದರೆ ತುಟಿ ಪಿಟಿಕ್ ಅನ್ನಬಾರದು. ಬೈದರೂ ಅಷ್ಟೇ, ಹೊಡೆದರೂ ಅಷ್ಟೇ. ಆಟ ಮುಗೀತು ಅಂತ ನಾನು ಹೇಳೋವರೆಗೂ ಬಾಯಿಗೆ ಬೀಗ. ಗೊತ್ತಾಯ್ತಾ?"

"ಮಾದಪ್ಪನಾಣೆಗೂ ಏಳಾಕಿಲ್ಲ ಸಾ!" ಎಂದು ಮಕ್ಕಳು ಒಂದೇ ಕೊರಳಲ್ಲಿ ಕೂಗಿದರು. ಮಲೆಯ ಮಾದಪ್ಪನ ಮೇಲೆ ಆಣೆ ಇಟ್ಟ ಮೇಲೆ ಮುಗಿಯಿತು, ಈ ಸೀಮೆಯಲ್ಲಿ ದೊಡ್ಡವರೇ ತಪ್ಪುವುದಿಲ್ಲ, ಮಕ್ಕಳು ತಪ್ಪುತ್ತಾರೆಯೇ? ಮೇಷ್ಟ್ರು ಮನಸ್ಸು ಹಗುರ ಮಾಡಿಕೊಂಡು, ಭಾನುವಾರ ಹೆಂಡತಿಯ ಅಕ್ಕನ ಗೃಹಪ್ರವೇಶಕ್ಕೆಂದು ಯಳಂದೂರಿಗೆ ಹೋದರು. ಅಲ್ಲಿ ಪಾಯಸ ಬಡಿಸಿದವರಿಗೆಲ್ಲ ತಮ್ಮ ಹೊಸ ಬೋಧನಾ ಪದ್ಧತಿಯನ್ನು ವಿವರಿಸಿದರು.

ಸೋಮವಾರ ಬಂದರೆ ಶಾಲೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಬಸವಮ್ಮ ಒಬ್ಬಳೇ ಬಾಗಿಲಲ್ಲಿ ನಿಂತು ಬೇವಿನ ಸೊಪ್ಪಿನಿಂದ ತನಗೆ ತಾನೇ ನಿವಾಳಿಸಿಕೊಳ್ಳುತ್ತಿದ್ದಳು.

"ಮಕ್ಕಳೆಲ್ಲಿ ಬಸವಮ್ಮ?"

"ಅಯ್ಯೋ, ನಿಮ್ಗಿನ್ನೂ ಗೊತ್ತಿಲ್ವಾ ಸಾ? ಊರ್ಗೆ ಮಾಟ ಆಗದೆ! ಒಂದ್ ಮನೆಗಲ್ಲ, ಎರಡ್ ಮನೆಗಲ್ಲ, ಬೀದೀಗ್ ಬೀದೀನೇ! ಸುವರ್ಣಮ್ಮನ ಮನೇಲಿ ಸೂಜಿ ಚುಚ್ಚಿರೋ ಅಣ್ಣು ಸಿಕ್ತಂತೆ. ಪುಟ್ಟಮಲ್ಲಪ್ಪೋರ ಮನೇದು ರಕ್ತ ಬಳ್ದಿತ್ತಂತೆ. ಇನ್ನೊಂದ್ರಲ್ಲಿ ಎಂಗಸ್ರು ಕೂದ್ಲು ಸುತ್ತಿತ್ತಂತೆ ಸಾ!"

ಸೂಜಿ, ರಕ್ತ, ಕೂದಲು ಎಂದ ಕೂಡಲೇ ಮೇಷ್ಟ್ರ ಎದೆ ಧಸಕ್ಕೆಂದಿತು. ತಾವು ಕೊಟ್ಟದ್ದು ಶುಭ್ರವಾದ ಹಣ್ಣು. ಅದಕ್ಕೂ ಇದಕ್ಕೂ ನಂಟಿದೆ ಎಂದು ಅವರಿಗೂ ಹೊಳೆಯಲಿಲ್ಲ, ಬುಟ್ಟಿಯ ಒಡತಿ ಬಸವಮ್ಮನಿಗೂ ಹೊಳೆಯಲಿಲ್ಲ. "ಶಿವಶಿವಾ! ಮಕ್ಕಳು ಹೇಗಿದಾರೆ?"

"ಅದೇ ಸಾ ದೊಡ್ದು! ಐಕ್ಳು ಬಾಯ ಕಟ್ಬುಟ್ಟವ್ರೆ. ಅಣ್ಣಿನ ಸುದ್ದಿ ಎತ್ತುದ್ರೆ ಸಾಕು, ಎಲ್ಲ ತುಟಿ ಬಿಗ್ಯಾಗಿ ಇಡ್ಕಂಡು ಕಣ್ಣ ಅಂಗೇ ಮಿಟುಕುಸ್ತವೆ. ನಿನ್ನೆ ಇಂದ ಇದೇ ಪಾಡು."

ಮೇಷ್ಟ್ರು ಅವಳ ಕೈಯಿಂದ ಬೇವಿನ ಸೊಪ್ಪು ಕಿತ್ತುಕೊಂಡು ತಾವೂ ಒಮ್ಮೆ ನಿವಾಳಿಸಿಕೊಂಡು, ಸ್ಕೂಟರಿಗೂ ನಿವಾಳಿಸಿ, ಅದನ್ನೇ ಹತ್ತಿ ಊರೊಳಗೆ ಓಡಿಸಿದರು.

ಪುಟ್ಟಮಲ್ಲಪ್ಪನವರ ಜಗಲಿಯ ಮುಂದೆ ಊರಿಗೆ ಊರೇ ನೆರೆದಿತ್ತು. ನಡುವೆ ಒಂದು ಮೊರ, ಮೊರದ ತುಂಬ ನಿಂಬೆಹಣ್ಣು. ಅದರ ಸುತ್ತ ಜನ ಮಾರು ದೂರದಲ್ಲಿ ನಿಂತಿದ್ದರು. ಹೆದರಿಕೆ ಒಂದು ಪಾಲಾದರೆ ಕುತೂಹಲ ಮೂರು ಪಾಲು. ಹಿಂದಿನವರು ಮುಂದಿನವರ ಭುಜ ಹತ್ತಿ ನೋಡುತ್ತಿದ್ದರು. ಯಾರು ಮಾಡಿರಬಹುದು ಎಂಬ ಬಗ್ಗೆ ಒಬ್ಬೊಬ್ಬರದೂ ಒಂದೊಂದು ಪತ್ತೇದಾರಿ ನಡೆದಿತ್ತು. ದರ್ಜಿ ಸುವರ್ಣಮ್ಮ ಪಕ್ಕದ ಮನೆಯವಳ ಕಡೆ ನೋಡುತ್ತಿದ್ದಳು. ಪಕ್ಕದ ಮನೆಯವಳು ಅಂಗಡಿ ಬಸವಕುಮಾರನ ಕಡೆ ನೋಡುತ್ತಿದ್ದಳು. ಬಸವಕುಮಾರ ತನ್ನ ಗಲ್ಲಾಪೆಟ್ಟಿಗೆಯ ಕಡೆ ನೋಡುತ್ತಿದ್ದ.

"ಬನ್ನಿ ಸಾ, ಓದ್ದೋರು ನೀವು, ಒಂದ್ ಮಾತಾಡಿ," ಎಂದರು ಪುಟ್ಟಮಲ್ಲಪ್ಪ.

ಓದಿದವರು ಎಂದ ಮೇಲೆ ಸುಮ್ಮನಿರಲಾದೀತೇ? ಮೇಷ್ಟ್ರು ಜಗಲಿ ಹತ್ತಿದರು. "ಮಹಾಜನಗಳೇ! ಏನೂ ಅರಿಯದ ಹಸುಗೂಸುಗಳ ಬಾಯಿ ಕಟ್ಟಿದ್ದಾನಲ್ಲ, ಅವನು ಮನುಷ್ಯನೇ? ಅವನು ಯಾರೇ ಆಗಿರಲಿ, ಎಷ್ಟೇ ದೊಡ್ಡವನಾಗಿರಲಿ, ದಾಕ್ಷಿಣ್ಯ ತೋರಬೇಡಿ. ಹಿಡಿದು ಮುಖಕ್ಕೆ ಮಸಿ ಬಳಿಯಿರಿ! ಬೇಕಾದರೆ ಮಸಿ ನಾನು ಕೊಡುತ್ತೇನೆ, ಶಾಲೆಯಲ್ಲಿದೆ!"

ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಮೇಷ್ಟ್ರ ಸೇವಾವಧಿಯಲ್ಲಿ ಅಷ್ಟು ದೊಡ್ಡ ಚಪ್ಪಾಳೆ ಬಿದ್ದದ್ದು ಅದೇ ಮೊದಲು. ಅವರು ಕರ್ಚೀಫಿನಿಂದ ಮುಖ ಒರೆಸಿಕೊಂಡು ಕೂತರು.

ಆಮೇಲೆ ಒಬ್ಬೊಬ್ಬರೇ ಎದ್ದು ಹಣ್ಣು ಸಿಕ್ಕ ಕಥೆ ಹೇಳತೊಡಗಿದರು.

"ನಂದು ಗಲ್ಲಾಪೆಟ್ಗೆ ಕೆಳಗಿತ್ತು," ಎಂದ ಬಸವಕುಮಾರ.

ಅಂಡರ್, ಎಂದುಕೊಂಡಿತು ಮೇಷ್ಟ್ರ ಮನಸ್ಸು, ಅದರ ಪಾಡಿಗೆ ಅದು.

"ನಮ್ದು ಉಳ ಗೂಡ್ ಕಟ್ಟೋ ಎರಡು ಚಂದ್ರಿಕೆ ನಡುವೆ ಸಿಕ್ಕುಸಿದ್ರು," ಎಂದ ರೇಷ್ಮೆ ಸಾಕುವ ಮಾದೇಶ.

ಬಿಟ್ವೀನ್. ಭೇಷ್.

"ನನ್ನ ಸೂಜಿ ಡಬ್ಬಿ ಒಳಗೇ ಇಟ್ಟವ್ರೆ ಕಣ್ರಪ್ಪಾ, ತಗದ್ರೆ ಮೈಯೆಲ್ಲ ಸೂಜಿ!" ಎಂದಳು ಸುವರ್ಣಮ್ಮ.

ಇನ್, ಎಂದು ಮನಸ್ಸು ಹೇಳಿತು. ಹೇಳಿದ್ದೇ ತಡ, ಮೇಷ್ಟ್ರ ಕೈಯಲ್ಲಿದ್ದ ಕರ್ಚೀಫು ಕೆಳಗೆ ಬಿತ್ತು.

"ನಮ್ ದ್ಯಾವರ ಮನೇಲಿ, ಕುಂಕುಮದ ಬಟ್ಲಲ್ಲಿ ಮುಳುಗುಸ್ಬುಟ್ಟಿದ್ರು," ಎಂದರು ಪುಟ್ಟಮಲ್ಲಪ್ಪನವರ ಹೆಂಡತಿ ಪುಟ್ಟಮಲ್ಲಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. ರಕ್ತ ಎಂದರೆ ಕುಂಕುಮ. ಕೂದಲು ಎಂದರೆ ಯಾರದೋ ಬಾಚಣಿಗೆ ಗೂಡು. ಮೇಷ್ಟ್ರಿಗೆ ಈಗ ಎಲ್ಲ ನಿಚ್ಚಳವಾಯಿತು. ಮೆಲ್ಲಗೆ ಕಣ್ಣೆತ್ತಿ ನೋಡಿದರೆ ಮಕ್ಕಳು ಸಾಲಾಗಿ ಕೂತಿದ್ದಾರೆ. ಒಂದೊಂದರ ಮುಖವೂ ಹೆಮ್ಮೆಯಿಂದ ಬೆಳಗುತ್ತಿದೆ. ಮೇಷ್ಟ್ರು ಮನೆಗೆಲಸ ನೋಡುವುದಕ್ಕೇ ಬಂದಿದ್ದಾರೆಂದು ಅವುಗಳ ಲೆಕ್ಕ. ಮಧುಶ್ರೀ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ನಾನು ಹೇಳಿಲ್ಲ ಸಾರ್ ಎಂದು ಕಣ್ಣಲ್ಲೇ ವರದಿ ಒಪ್ಪಿಸಿದಳು.

ಮೇಷ್ಟ್ರು ಬಗ್ಗಿ ಕರ್ಚೀಫು ಎತ್ತಿಕೊಂಡರು. ಬಾಯಿಬಿಟ್ಟರೆ ಮಸಿ ಗ್ಯಾರಂಟಿ, ತಾವೇ ಶಿಫಾರಸು ಮಾಡಿದ ಮಸಿ. ಅದಾದರೂ ತೊಳೆದರೆ ಹೋಗುತ್ತದೆ. ಪುಟ್ಟಮಲ್ಲಪ್ಪನವರು ಸಿಟ್ಟಾಗಿ ನಾಳೆಯೇ ಮೊಮ್ಮಗಳನ್ನು ವ್ಯಾನು ಹತ್ತಿಸಿದರೆ? ಶಾಲೆ ಹೋಯಿತು!

"ಸ್ಕೂಲ್ ಬಾಗಿಲು ತೆಗೆದಿಟ್ಟು ಬಂದಿದೀನಿ, ಹೋಗಿ ಬರ್ತೀನಿ," ಎಂದು ಎದ್ದರು.

"ಕೂತ್ಕಳಿ ಸಾ, ಅಲ್ಲೇನ್ ಬಂಗಾರ ಮಡಗಿದ್ದೀರಾ?" ಎಂದರು ಪುಟ್ಟಮಲ್ಲಪ್ಪ. "ಮಂತ್ರವಾದಿ ಬತ್ತಾವ್ರೆ."

ಮಂತ್ರವಾದಿ ಗುರುಪ್ರಕಾಶ್ ಬೈಕಿನಲ್ಲಿ ಬಂದ. ಜಟೆ ಇಲ್ಲ, ಬೂದಿ ಇಲ್ಲ. ಕಪ್ಪು ಟೀಶರ್ಟು, ಕಪ್ಪು ಕನ್ನಡಕ, ಹೆಗಲಿಗೆ ಲ್ಯಾಪ್‌ಟಾಪಿನಂಥ ಬ್ಯಾಗು. ಊರಿನವರು ಲೊಕೇಶನ್ ಕಳಿಸಿದ್ದರಂತೆ. ಒಂದು ಹಣ್ಣು ಎತ್ತಿ ಮೂಸಿ, ಬಿಸಿಲಿಗೆ ಹಿಡಿದು, "ಭಾರೀ ಪಾರ್ಟಿ ಕೈಲಿ ಮಾಡ್ಸವ್ರೆ," ಎಂದ. ಜನರ ಮೈ ಜುಮ್ಮೆಂದಿತು. "ಇವೆಲ್ಲ ಮರಿ. ಇವುಕ್ಕೆ ಒಂದು ತಾಯಿ ಅಣ್ಣದೆ, ಇಲ್ಲೇ ಎಲ್ಲೋ ಉದುಗ್ಸವ್ರೆ. ಅದ ತಗದ್ರೆ ಐಕ್ಳ ಬಾಯಿ ಬುಟ್ಕತದೆ. ಮೊದ್ಲು ಇವುರ ಮ್ಯಾಲಿರೋ ಗಾಳಿ ಯಾವ ಭಾಷೇದು ಅಂತ ನೋಡ್ತೀನಿ."

ಮಕ್ಕಳ ಮುಂದೆ ಕೂತು ಕನ್ನಡದಲ್ಲಿ ಗದರಿಸಿದ. ಮಕ್ಕಳು ತುಟಿ ಬಿಗಿಹಿಡಿದವು. ಗಡಿಯಾಚೆಯ ಗಾಳಿ ಇರಬಹುದೆಂದು ತಮಿಳಿನಲ್ಲಿ ಪುಸಲಾಯಿಸಿದ. ಊಹೂಂ.

"ಅಂಗಾದ್ರೆ ಇದು ಬೆಂಗ್ಳೂರ್ದು," ಎಂದು ಜನರ ಕಡೆ ತಿರುಗಿದ. "ಅಲ್ಲಿಂದ ನಮ್ತವ ಪಾರ್ಟಿಗಳು ಕಾರಲ್ ಬತ್ತರೆ. ಅವ್ರ ಮ್ಯಾಲಿರೋವುಕ್ಕೆ ಇಂಗ್ಲಿಸ್ ಬುಟ್ರೆ ಬೇರೆ ತಿಳ್ಯಾಕಿಲ್ಲ." ಎದೆಯುಬ್ಬಿಸಿ, ಕಣ್ಣು ಕೆಂಪಗೆ ಮಾಡಿ ಗುಡುಗಿದ: "ವೇರ್ ಈಸ್ ದ ಲೆಮನ್?"

ಮಕ್ಕಳ ಮುಖ ಅರಳಿತು. ಕೊನೆಗೂ ಆಟ ಗೊತ್ತಿರುವ ಒಬ್ಬ ಮಹಾನುಭಾವ ಸಿಕ್ಕಿದ್ದ! ಮಧುಶ್ರೀ ನೆಗೆದು ನಿಂತಳು. "ಈಸ್ ಇಟ್ ಅಂಡರ್ ದ ಮ್ಯಾಟ್?"

ಗುರುಪ್ರಕಾಶ್ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದ. ಗಾಳಿ ಹೀಗೆ ತಿರುಗಿ ಪ್ರಶ್ನೆ ಕೇಳಿದ್ದು ಅವನ ವೃತ್ತಿಜೀವನದಲ್ಲೇ ಇರಲಿಲ್ಲ. "ನೋ," ಎಂದ.

"ಈಸ್ ಇಟ್ ಬಿಹೈಂಡ್ ದ ಡೋರ್?" ಎಂದ ಮಾದೇಶನ ಮಗ.

"ನೋ, ನೋ."

"ಈಸ್ ಇಟ್ ಆನ್ ದ ವಾಲ್? ಈಸ್ ಇಟ್ ಬಿಟ್ವೀನ್ ದ ಪಾಟ್ಸ್?" ಮಕ್ಕಳೆಲ್ಲ ಅವನನ್ನು ಮುತ್ತಿಕೊಂಡವು. ಅವನು ನೋ, ನೋ ಎನ್ನುತ್ತ ಕಂಬಕ್ಕೆ ಬೆನ್ನು ಕೊಟ್ಟ. ಆಗ ಮಧುಶ್ರೀ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ, ಮೆಲ್ಲಗೆ ಕೇಳಿದಳು: "ಈಸ್ ಇಟ್ ಇನ್ ಯುವರ್ ಬ್ಯಾಗ್?"

ಮಂತ್ರವಾದಿ ಬ್ಯಾಗಿನ ಮೇಲೆ ಕೈಯಿಟ್ಟ. ಕೂಸಿನ ಕಣ್ಣು ಅವನನ್ನು ಬಿಡಲೊಲ್ಲದು. "ಎಸ್," ಎಂದುಬಿಟ್ಟ. "ಇಟ್ ಈಸ್."

ಮಕ್ಕಳು ಹೋ ಎಂದು ಕುಣಿದವು. ಮಧುಶ್ರೀ ಬ್ಯಾಗಿಗೆ ಕೈ ಹಾಕಿ, ಅವನು ತಾನೇ ಹುದುಗಿಸಿ ತಾನೇ ತೆಗೆದು ತೋರಿಸಲೆಂದು ತಂದಿದ್ದ, ಅರಿಶಿನ ಮೆತ್ತಿದ ದಪ್ಪ ನಿಂಬೆಹಣ್ಣು ಎತ್ತಿ ತೋರಿಸಿದಳು. ಅಲ್ಲಿ ನಡೆದದ್ದು ಏನೆಂದು ಅರ್ಥವಾದದ್ದು ಮೇಷ್ಟ್ರೊಬ್ಬರಿಗೆ. ಊರಿನವರಿಗೆ ಅರ್ಥವಾದದ್ದೇ ಬೇರೆ.

"ತಾಯಿ ಅಣ್ಣು! ತಾನಾಗೇ ಬಂದು ಬ್ಯಾಗ್ಗೆ ಸೇರ್ಕಬುಟ್ಟದೆ!" ಎಂದು ಪುಟ್ಟಮಲ್ಲಮ್ಮ ಕೈ ಮುಗಿದರು. "ಬಾಯೂ ಬುಡ್ತು, ಇಂಗ್ಲಿಸೂ ಬಂತು! ಏನ್ ಕೈಗುಣ ಕಣಪ್ಪಾ ನಿಂದು!"

ಪುಟ್ಟಮಲ್ಲಪ್ಪನವರ ಕಣ್ಣಲ್ಲಿ ನೀರು. ಅವರು ಗುರುಪ್ರಕಾಶನ ಎರಡೂ ಕೈ ಹಿಡಿದುಕೊಂಡರು. "ಸ್ವಾಮಿ, ಸ್ಕೂಲ್ನಲ್ಲಿ ಇಷ್ಟ್ ವರ್ಸದಿಂದ ಆಗ್ದೆ ಇದ್ದುದ್ದ ನೀವು ಒಂದ್ ಗಳಿಗೇಲಿ ಮಾಡುದ್ರಿ. ಇನ್ ಸ್ಕೂಲ್ಯಾಕೆ, ವ್ಯಾನ್ಯಾಕೆ? ಅಮಾಸೆಗ್ ಒಂದ್ಸಲ ಬಂದು ಐಕ್ಳಿಗೆ ಇಂಗ್ಲಿಸ್ ಬರುಸ್ಬುಟ್ಟು ಓಗಿ!"

"ಅದ್ಕೇನಂತೆ, ಆಗ್ಲಿ ಬುಡಿ," ಎಂದ ಗುರುಪ್ರಕಾಶ್, ಕನ್ನಡಕ ಸರಿಮಾಡಿಕೊಳ್ಳುತ್ತ.

ಮೇಷ್ಟ್ರು ಇಲ್ಲಿಯತನಕ ತಡೆದುಕೊಂಡಿದ್ದರು. ಮಂಡಿ ಹರಿದುಕೊಂಡು ಕಲಿತ ವಿದ್ಯೆ! ಅದು ಅಮಾವಾಸ್ಯೆಯ ಪಾಲಾಗುವುದನ್ನು ನೋಡಿಕೊಂಡು ಕೂರಲು ಅವರಿಂದ ಆಗಲಿಲ್ಲ. ಎದ್ದುನಿಂತು ಚೀರಿದರು. "ಮಾಡಿದ್ದು ಅವನಲ್ಲ! ನಾನು! ಹಣ್ಣು ಕೊಟ್ಟೋನು ನಾನು, ಇಡಿ ಅಂದೋನು ನಾನು, ಬಾಯಿ ಬಿಡಬೇಡಿ ಅಂದೋನೂ ನಾನೇ! ಅದು ಮಾಟ ಅಲ್ಲ ಕಣ್ರಯ್ಯಾ, ಹೋಮ್‌ವರ್ಕು!"

ಯಾರೂ ನಂಬಲಿಲ್ಲ. "ಪಾಪ, ಮೇಷ್ಟ್ರ ಮ್ಯಾಲೂ ಬಂದ್ಬುಡ್ತು ಗಾಳಿ," ಎಂದಳು ಸುವರ್ಣಮ್ಮ.

ಪುಟ್ಟಮಲ್ಲಪ್ಪ ಮೊಮ್ಮಗಳ ಕಡೆ ತಿರುಗಿದರು. "ದಿಟವಾ ಕೂಸೇ?"

ಮಧುಶ್ರೀ ತುಟಿ ಬಿಗಿಹಿಡಿದಳು. ತಾತ ಕೇಳಿದ್ದು ಕನ್ನಡದಲ್ಲಿ. ಮಾದಪ್ಪನಾಣೆ ಎಂದರೆ ಮಾದಪ್ಪನಾಣೆ. ಆಟ ಮುಗೀತು ಅಂದುಬಿಟ್ಟಿದ್ದರೆ ಸಾಕಿತ್ತು, ಆದರೆ ಆ ಗಾಬರಿಯಲ್ಲಿ ಮೇಷ್ಟ್ರಿಗೆ ತಾವೇ ಮಾಡಿದ ನಿಯಮ ಮರೆತುಹೋಗಿತ್ತು. ಕೂಸು ಮಾತ್ರ ಅವರ ಮುಖವನ್ನೇ ನೋಡುತ್ತ, ಇಂಗ್ಲಿಷಲ್ಲಿ ಕೇಳಿ ಸಾರ್ ಎಂಬಂತೆ ಹುಬ್ಬು ಹಾರಿಸಿತು. ಮೇಷ್ಟ್ರು ಬಾಯಿ ತೆರೆದರು. ಇಡೀ ಊರು ಅವರ ಬಾಯನ್ನೇ ನೋಡುತ್ತಿತ್ತು. ಇಂಗ್ಲಿಷ್ ಗಂಟಲಿಗೆ ಬಂದು ನಿಂತಿತು. ಕಣ್ಣು ಮುಚ್ಚಿ, ಮಾದಪ್ಪನನ್ನು ನೆನೆದು, ಒಂದೊಂದೇ ಮಾತನ್ನು ಹಗ್ಗ ಹಾಕಿ ಎಳೆದರು.

"ಮಧುಶ್ರೀ... ಹೂ... ಗೇವ್... ದ ಲೆಮನ್?"

"ಯೂ ಸರ್!" ಎಂದು ಮಕ್ಕಳೆಲ್ಲ ಊರು ಹಾರಿಹೋಗುವಂತೆ ಕೂಗಿದವು.

"ಆಟ ಮುಗೀತು," ಎಂದು ಹೇಳಿ ಮೇಷ್ಟ್ರು ಅಲ್ಲೇ ಕುಸಿದು ಕೂತರು. ಅಷ್ಟು ಹೊತ್ತು ಕಟ್ಟಿದ್ದ ಬಾಯಿಗಳೆಲ್ಲ ಒಟ್ಟಿಗೇ ಬಿಟ್ಟುಕೊಂಡವು. "ನಂದೇ ಮೊದ್ಲು ಸಿಕ್ಕುದ್ದು ಸಾ!" "ನಮ್ಮವ್ವ ಒಡುದ್ರೂ ಏಳ್ನಿಲ್ಲ ಸಾ!" "ನಾನು ಕುಂಕುಮ್ದೊಳಗೆ ಇಟ್ಟಿದ್ದೆ ಸಾ, ಚೆಂದಾಗಿತ್ತಾ?"

ಬಸವಕುಮಾರ ಪೆಚ್ಚಾಗಿ ಸುವರ್ಣಮ್ಮನ ಕಡೆ ನೋಡಿದ. ಸುವರ್ಣಮ್ಮ ಮಾತ್ರ ಬಿಡುವವಳಲ್ಲ. "ಅಲ್ಲಾ, ಎರಡ್ ದಿನದಿಂದ ಒಲೆ ಅತ್ತುಸಿಲ್ಲ ನಾವು! ಮಸಿ ಬಳೀರಿ ಅಂತ ಅವ್ರೇ ಅಂದ್ರಲ್ಲ, ಎಲ್ಲಿ ಮಸಿ?"

ಪುಟ್ಟಮಲ್ಲಪ್ಪ ಕೈಯೆತ್ತಿ ಸುಮ್ಮನಿರಿಸಿದರು. ಮೇಷ್ಟ್ರ ಮುಂದೆ ಬಂದು ಬಗ್ಗಿ ಅವರ ಮುಖವನ್ನೇ ನೋಡಿದರು. "ಸಾ, ನಾಕು ಜನದ ಮುಂದೆ ಬಾಯ್ಬುಡ್ಬೇಕು ಅಂದಿದ್ದೆ. ಇದು ಊರೇ ಸೇರದೆ. ಮೂರ್ ಭಾಷೇಲಿ ಎದ್ರುಸಿದ್ರೂ ನಮ್ ಕೂಸು ನಿಮ್ ಮಾತ ಮೀರ್ನಿಲ್ಲ. ಅಪ್ಪ ಅವ್ವನ್ ಮಾತ ಇಷ್ಟ್ ಕೇಳಿದ್ರೆ ಸಾಕಿತ್ತು." ಆಮೇಲೆ ಮಾದೇಶನಿಗೆ ಹೇಳಿದರು. "ಲೇ, ವ್ಯಾನ್ನವುನ್ಗೆ ಪೋನ್ ಮಾಡು. ನಮ್ ಬೀದೀಗ್ ಬರೋದ್ ಬ್ಯಾಡ ಅನ್ನು."

ಮೇಷ್ಟ್ರಿಗೆ ಅಳು ಬಂದುಬಿಟ್ಟಿತು. ನಾಚಿಕೆ ಬಿಟ್ಟು ಅತ್ತರು. ಪುಟ್ಟಮಲ್ಲಮ್ಮ ಒಳಗಿಂದ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು.

ಜನ ಕರಗಿದ ಮೇಲೆ ಅವರು ಸ್ಕೂಟರ್ ಹತ್ತಿರ ಬಂದರೆ ಗುರುಪ್ರಕಾಶ್ ಕಾಯುತ್ತಿದ್ದ. ಕಪ್ಪು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಕನ್ನಡಕವಿಲ್ಲದೆ ಅವನು ಯಾವುದೋ ಪಾಪದ ಮಗುವಿನ ತಂದೆಯ ಹಾಗೆ ಕಾಣುತ್ತಿದ್ದ.

"ಬ್ಯಾಗಿನ್ ವಿಸ್ಯ ಊರೋರ್ಗೆ ಏಳ್ಬ್ಯಾಡಿ ಸಾ."

"ನಾನ್ಯಾಕೆ ಹೇಳಲಿ? ಇವತ್ತಿಗೆ ಹೇಳಿದ್ದೇ ಸಾಕಾಗಿದೆ."

"ಇನ್ನೊಂದ್ ಮಾತು ಸಾ." ಅವನು ಕನ್ನಡಕವನ್ನು ಟೀಶರ್ಟಿಗೆ ಒರೆಸಿದ, ಮತ್ತೆ ಒರೆಸಿದ. "ನನ್ ಮಗ ಅದೇ ವ್ಯಾನಲ್ಲಿ ಓಯ್ತಾನೆ. ಮನೇಗ್ ಬಂದು ಇಂಗ್ಲಿಸ್ ಪದ್ಯ ಒಪ್ಪುಸ್ತಾನೆ. ಬಾಯಾರ್ದ್ರೆ ನೀರ್ ಕೇಳಾಕೂ ಬರಾಕಿಲ್ಲ ಅದ್ರಲ್ಲಿ. ನಿಮ್ ಐಕ್ಳು ನನ್ನನ್ನೇ ಕಂಬಕ್ ಒತ್ತುಸ್ಬುಟ್ವು. ಸೇರುಸ್ಕತೀರಾ ಸಾ?"

ಶಿವರುದ್ರಸ್ವಾಮಿ ಮೇಷ್ಟ್ರು ಮಜ್ಜಿಗೆಯ ಮೀಸೆ ಒರೆಸಿಕೊಂಡು, ಬಹಳ ಗಂಭೀರವಾಗಿ ಯೋಚಿಸಿದರು.

"ನಾಳೆಯೇ ಕರೆದುಕೊಂಡು ಬಾರಪ್ಪಾ," ಎಂದರು. "ಹಣ್ಣು ಮಾತ್ರ ನಾವೇ ಕೊಡ್ತೀವಿ. ನಿಮ್ಮ ಮನೆಯಿಂದ ಕಳಿಸಬೇಡ."